ಮಾವನಿಗೆ ಪ್ರಾಸ್ಟೇಟ್ ತೊಂದರೆ: ಡಮ್ಮಿ ಮಾತ್ರೆ ಕೊಡುವ ಸಂಶೋಧನೆಗೆ ಸೇರಿಸಬಹುದಾ?

ಪ್ರಶ್ನೆ: ನಮ್ಮದು ಸೋಮವಾರಪೇಟೆ ಹತ್ತಿರ ಸಣ್ಣ ಕಾಫಿ ತೋಟ. ಮಾವನಿಗೆ 67 ವರ್ಷ. ಎರಡು ವರ್ಷದಿಂದ ರಾತ್ರಿ ನಾಲ್ಕೈದು ಸಲ ಒಂದಕ್ಕೆ ಏಳುತ್ತಾರೆ. ಧಾರೆ ಸಣ್ಣ, ಮುಗಿಯೋಕೆ ತುಂಬಾ ಹೊತ್ತು ಬೇಕು. ಕಳೆದ ಮಳೆಗಾಲದಲ್ಲಿ ಶೀತಕ್ಕೆ ಅಂಗಡಿಯಿಂದ ಮಾತ್ರೆ ತಂದು ನುಂಗಿದ್ದರು. ಆ ರಾತ್ರಿ ಮೂತ್ರ ಪೂರ್ತಿ ಕಟ್ಟಿಕೊಂಡು ಆಸ್ಪತ್ರೆಯಲ್ಲಿ ಟ್ಯೂಬ್ ಹಾಕಿಸಬೇಕಾಯಿತು. ಮಡಿಕೇರಿಯಲ್ಲಿ ಸ್ಕ್ಯಾನ್ ಮಾಡಿಸಿದಾಗ ಪ್ರಾಸ್ಟೇಟ್ 48 ಗ್ರಾಂ ಅಂತ ಬಂತು, ಪ್ರಾಸ್ಟೇಟ್ ಕ್ಯಾನ್ಸರ್ ಅನುಮಾನಕ್ಕೆ ಮಾಡುವ ರಕ್ತಪರೀಕ್ಷೆ ಪಿಎಸ್‌ಎ 2.6. ಅಂದಿನಿಂದ ಟ್ಯಾಮ್ಸುಲೋಸಿನ್ ಮಾತ್ರೆ ನಡೀತಿದೆ, ಪರವಾಗಿಲ್ಲ. ಅಮ್ಮತ್ತಿಯ ನೆಂಟರೊಬ್ಬರು ಸಾ ಪಾಲ್ಮೆಟೊ ಅನ್ನೋ ಗಿಡಮೂಲಿಕೆ ಕ್ಯಾಪ್ಸೂಲ್ ತಗೊಂಡು ಪೂರ್ತಿ ವಾಸಿ ಆಯ್ತು ಅಂತಾರೆ. ಈಗ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಹೊಸ ಮಾತ್ರೆಯ ಸಂಶೋಧನೆಗೆ ಸೇರ್ತೀರಾ ಅಂತ ಕೇಳಿದ್ದಾರೆ. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ಡಮ್ಮಿಯಂತೆ. ‘ನಮ್ಮ ಮನೆಯವರೇನು ಇಲಿಯಾ?’ ಅಂತ ಅತ್ತೆಗೆ ಸಿಟ್ಟು. ಮಾವನಿಗೆ ಸೇರುವ ಮನಸ್ಸು. ಮನೆಯಲ್ಲಿ ಮಾತ್ರೆ ಎಣಿಸಿ ಕೊಡೋದು ನಾನೇ, ನಾನೀಗ ಐದು ತಿಂಗಳ ಬಸುರಿ. ಏನು ಮಾಡೋದು ಡಾಕ್ಟ್ರೇ?

ಉತ್ತರ:

ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಮಾವ ಈಗ ತೆಗೆದುಕೊಳ್ಳುತ್ತಿರುವ ಟ್ಯಾಮ್ಸುಲೋಸಿನ್ ಮುಂದುವರಿಯುತ್ತದೆ, ಅದರ ಜೊತೆಗೆ ಹೊಸ ಮಾತ್ರೆ ಅಥವಾ ಡಮ್ಮಿ ಮಾತ್ರೆ ಕೊಡುತ್ತಾರೆ ಅಂತಾದರೆ ಸೇರಬಹುದು. ಈಗಿನ ಮಾತ್ರೆ ನಿಲ್ಲಿಸಿ ತಿಂಗಳುಗಟ್ಟಲೆ ಬರೀ ಡಮ್ಮಿ ನುಂಗುವ ಸಾಧ್ಯತೆ ಇದ್ದರೆ, ನಿಮ್ಮ ಮಾವನ ಮಟ್ಟಿಗೆ ನಾನು ಬೇಡ ಅನ್ನುತ್ತೇನೆ. ಕಾರಣ ಆ ಮಳೆಗಾಲದ ರಾತ್ರಿ. ಒಂದು ಸಲ ಮೂತ್ರ ಕಟ್ಟಿದವರಿಗೆ ಮತ್ತೆ ಕಟ್ಟುವ ಸಂಭವ ಬೇರೆಯವರಿಗಿಂತ ಜಾಸ್ತಿ.

ಆ ರಾತ್ರಿಯ ವಿಷಯ ಮೈಸೂರಿನವರಿಗೆ ಹೇಳಿದ್ದೀರಾ? ನಿಮ್ಮ ಪತ್ರದಿಂದ ಗೊತ್ತಾಗುವುದಿಲ್ಲ. ಖಂಡಿತ ಹೇಳಿ. ಹಿಂದೆ ಮೂತ್ರ ಕಟ್ಟಿ ಟ್ಯೂಬ್ ಹಾಕಿಸಿಕೊಂಡವರನ್ನು ಇಂಥ ಎಷ್ಟೋ ಸಂಶೋಧನೆಗಳಲ್ಲಿ ಸೇರಿಸಿಕೊಳ್ಳುವುದೇ ಇಲ್ಲ. ಹೇಳಿದ ಮೇಲೆ ಅವರೇ ‘ಬೇಡ’ ಅನ್ನಬಹುದು. ಹಾಗಂದರೆ ಬೇಜಾರು ಬೇಡ. ಅದು ಮಾವನ ಒಳ್ಳೆಯದಕ್ಕೇ ಮಾಡಿದ ನಿಯಮ. ಸೇರುವ ಆಸೆಗೆ ಇಂಥ ವಿಷಯ ಮುಚ್ಚಿಡುವವರನ್ನು ನೋಡಿದ್ದೇನೆ. ಅದು ಮಾತ್ರ ಬಹಳ ಅಪಾಯ.

ಅತ್ತೆಯ ಪ್ರಶ್ನೆ ನ್ಯಾಯವಾದದ್ದೇ. ಅವರನ್ನು ನಗಾಡಿ ಸುಮ್ಮನಾಗಿಸಬೇಡಿ. ಆದರೆ ಡಮ್ಮಿ ಮಾತ್ರೆ ಯಾಕೆ ಬೇಕು ಅನ್ನುವುದನ್ನು ಒಮ್ಮೆ ಸಮಾಧಾನವಾಗಿ ಕೇಳಿಸಿಕೊಂಡರೆ ಅವರ ಸಿಟ್ಟು ಅರ್ಧ ಇಳಿಯಬಹುದು. ನಿಮ್ಮ ಅಮ್ಮತ್ತಿ ನೆಂಟರ ಕ್ಯಾಪ್ಸೂಲ್ ಕಥೆಗೂ ಉತ್ತರ ಅದರಲ್ಲೇ ಇದೆ.

ಪ್ರಾಸ್ಟೇಟ್ ಅಂದರೆ ಗಂಡಸರಲ್ಲಿ ಮೂತ್ರಚೀಲದ ಬಾಯಿಯ ಕೆಳಗೆ ಇರುವ ಗ್ರಂಥಿ. ಮೂತ್ರದ ದಾರಿ ಅದರ ನಡುವಿನಿಂದಲೇ ಹಾದು ಹೋಗುತ್ತದೆ. ಹರೆಯದಲ್ಲಿ ಸುಮಾರು 20 ಗ್ರಾಂ ಇರುತ್ತದೆ. ವಯಸ್ಸಾದ ಹಾಗೆ ಬೆಳೆಯುತ್ತದೆ, ದಾರಿಯನ್ನು ಒತ್ತುತ್ತದೆ. ಇದು ಕ್ಯಾನ್ಸರ್ ಅಲ್ಲ. ಆದರೆ ಗ್ರಾಂ ಲೆಕ್ಕ ನೋಡಿ ಯಾರೂ ಹೆದರಬಾರದು. 80 ಗ್ರಾಂ ಇದ್ದು ಆರಾಮಾಗಿ ಇರುವವರಿದ್ದಾರೆ. 30 ಗ್ರಾಂ ಇದ್ದು ರಾತ್ರಿಯೆಲ್ಲ ನಿದ್ದೆ ಕೆಡುವವರೂ ಇದ್ದಾರೆ. ಗಾತ್ರಕ್ಕೂ ತೊಂದರೆಗೂ ನೇರ ಲೆಕ್ಕ ಇಲ್ಲ. ಯಾಕೆಂದರೆ ಅಲ್ಲಿರುವ ಸ್ನಾಯು ಎಷ್ಟು ಬಿಗಿ ಹಿಡಿದಿದೆ, ಮೂತ್ರಚೀಲ ಎಷ್ಟು ದಣಿದಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಹಾಗಾದರೆ ತೊಂದರೆಯನ್ನು ಅಳೆಯುವುದು ಹೇಗೆ? ಧಾರೆಯ ವೇಗ ನೋಡುವ ಯಂತ್ರ ಇದೆ. ಕನಿಷ್ಠ 150 ಮಿಲಿ ಮೂತ್ರ ಹೋಗಬೇಕು, ಆಗ ಸೆಕೆಂಡಿಗೆ 10 ಮಿಲಿಗಿಂತ ಕಡಿಮೆ ಬಂದರೆ ದಾರಿ ಕಟ್ಟಿರುವ ಅನುಮಾನ. ಹೋಗಿ ಬಂದ ಮೇಲೆ ಒಳಗೆ ಎಷ್ಟು ಉಳಿದಿದೆ ಅಂತ ಸ್ಕ್ಯಾನ್‌ನಲ್ಲಿ ನೋಡಬಹುದು. ಇಷ್ಟಿದ್ದರೂ ಪ್ರಪಂಚದ ಎಲ್ಲಾ ಕಡೆ ಪ್ರಾಸ್ಟೇಟ್ ಸಂಶೋಧನೆಯಲ್ಲಿ ಮುಖ್ಯ ಅಳತೆ ಒಂದು ಪ್ರಶ್ನೆಪತ್ರಿಕೆ. 1992ರಲ್ಲಿ ಅಮೆರಿಕದಲ್ಲಿ ತಯಾರಾಯಿತು. ಏಳು ಪ್ರಶ್ನೆ. ಪೂರ್ತಿ ಖಾಲಿ ಆಗಲಿಲ್ಲ ಅನ್ನಿಸುತ್ತದಾ, ಎರಡು ಗಂಟೆಯೊಳಗೆ ಮತ್ತೆ ಹೋಗಬೇಕಾ, ನಿಂತು ನಿಂತು ಬರುತ್ತದಾ, ತಡೆಯೋಕೆ ಕಷ್ಟವಾ, ಧಾರೆ ಸಣ್ಣವಾ, ತಿಣುಕಬೇಕಾ, ರಾತ್ರಿ ಎಷ್ಟು ಸಲ ಏಳುತ್ತೀರಿ. ಒಂದೊಂದಕ್ಕೂ 0ಯಿಂದ 5 ಅಂಕ, ಒಟ್ಟು 35. ಏಳರವರೆಗೆ ಸಣ್ಣ ತೊಂದರೆ, 8ರಿಂದ 19 ಮಧ್ಯಮ, 20ರಿಂದ ಮೇಲೆ ಜೋರು. ಮೈಸೂರಿನವರು ಮಾವನ ಕೈಲಿ ಇದನ್ನೇ ತುಂಬಿಸಿರಬಹುದು. ಒಂದು ಪ್ರತಿ ಕೇಳಿ ಮನೆಯಲ್ಲಿ ಇಟ್ಟುಕೊಳ್ಳಿ. ಮುಂದೆ ಯಾವ ಔಷಧಿ ಮಾಡಿದರೂ ಎಷ್ಟು ಇಳಿಯಿತು ಅಂತ ನೋಡಲು ಬೇಕಾಗುತ್ತದೆ. ಸುಮಾರು ಮೂರು ಅಂಕ ಇಳಿದರೆ ರೋಗಿಗೇ ‘ಸ್ವಲ್ಪ ವಾಸಿ’ ಅನ್ನಿಸುತ್ತದೆ.

ಇಲ್ಲೇ ನೋಡಿ ತೊಡಕು ಇರುವುದು. ಅಳತೆ ಇರುವುದು ರೋಗಿಯ ಬಾಯಲ್ಲಿ. ಅವರಿಗೆ ಈ ವಾರ ಹೇಗನ್ನಿಸಿತೋ ಅದೇ ಅಂಕ. ಈ ಕಾಯಿಲೆ ಒಂದೇ ಸಮನೆ ಇರುವುದಿಲ್ಲ. ಜೂನ್, ಜುಲೈ ಚಳಿಯಲ್ಲಿ ಬೆವರು ಕಡಿಮೆ, ಮೂತ್ರ ಜಾಸ್ತಿ. ಬಿಸಿಲು ಬಂದಾಗ ತಾನಾಗಿಯೇ ಕಡಿಮೆ. ಮದುವೆ ಮನೆಗೆ ಹೋಗಿ ಎರಡು ಪೆಗ್ ಹಾಕಿದ ರಾತ್ರಿ ಬೇರೆ, ಮನೆಯಲ್ಲಿ ಬೇಗ ಉಂಡು ಮಲಗಿದ ರಾತ್ರಿ ಬೇರೆ. ಮತ್ತೆ, ಜನ ಡಾಕ್ಟರ ಹತ್ತಿರ ಹೋಗುವುದು ತೊಂದರೆ ಮಿತಿಮೀರಿದ ವಾರದಲ್ಲಿ, ಅಲ್ವಾ? ಅದಾದ ಮೇಲೆ ಏನು ಮಾಡಿದರೂ, ಏನೂ ಮಾಡದಿದ್ದರೂ, ಒಂದಿಷ್ಟು ಇಳಿಯುತ್ತದೆ. ಆ ಹೊತ್ತಿಗೆ ಯಾವ ಮಾತ್ರೆ ನುಂಗಿರುತ್ತಾರೋ ಅದಕ್ಕೆ ಹೆಸರು.

ತೋಟದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಹೂ ಮಳೆ ಸಮಯಕ್ಕೆ ಸರಿಯಾಗಿ ಬಂದ ವರ್ಷ ಹೊಸ ಗೊಬ್ಬರ ಹಾಕಿದವರು ಫಸಲು ಗೊಬ್ಬರದಿಂದಲೇ ಬಂತು ಅನ್ನುತ್ತಾರೆ. ನಿಜ ಗೊತ್ತಾಗಬೇಕಾದರೆ ಅದೇ ತೋಟದ ಒಂದು ಭಾಗಕ್ಕೆ ಗೊಬ್ಬರ ಹಾಕದೆ ಬಿಡಬೇಕು. ಡಮ್ಮಿ ಮಾತ್ರೆಯ ಗುಂಪು ಆ ಬಿಟ್ಟ ಭಾಗ. ಯಾರು ಯಾವ ಗುಂಪಿಗೆ ಅನ್ನುವುದನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ತೀರ್ಮಾನಿಸುತ್ತದೆ. ಕೊನೆಯವರೆಗೂ ರೋಗಿಗೂ ಗೊತ್ತಿರುವುದಿಲ್ಲ, ಪ್ರಶ್ನೆ ಕೇಳುವ ಡಾಕ್ಟರಿಗೂ ಗೊತ್ತಿರುವುದಿಲ್ಲ.

ಬರೀ ಮನಸ್ಸಿನ ಸಮಾಧಾನದಿಂದ ಎಷ್ಟು ಇಳಿಯಬಹುದು ಅಂತ ಕೇಳಿದರೆ ನಿಮಗೆ ಆಶ್ಚರ್ಯ ಆಗಬಹುದು. ಪ್ರಾಸ್ಟೇಟನ್ನು ದಾರದಂಥ ಪುಟ್ಟ ಕೊಂಡಿಗಳಿಂದ ಪಕ್ಕಕ್ಕೆ ಎಳೆದು ಕಟ್ಟುವ ಒಂದು ವಿಧಾನ ಇದೆ, ಯೂರೋಲಿಫ್ಟ್ ಅಂತ. ಅದನ್ನು 206 ಗಂಡಸರಲ್ಲಿ ಪರೀಕ್ಷಿಸಿದರು. ಒಂದು ಗುಂಪಿಗೆ ನಿಜವಾದ ಚಿಕಿತ್ಸೆ. ಇನ್ನೊಂದು ಗುಂಪಿಗೆ ಒಳಗೆ ದುರ್ಬೀನು ಹಾಕಿ ನೋಡಿ, ಸದ್ದು ಮಾಡಿ, ಏನೂ ಮಾಡದೆ ಕಳಿಸಿದರು. ಮೂರು ತಿಂಗಳಿಗೆ ನಿಜವಾದ ಗುಂಪಿನಲ್ಲಿ ಅಂಕ ಸರಾಸರಿ 11.1 ಇಳಿಯಿತು. ಏನೂ ಮಾಡದ ಗುಂಪಿನಲ್ಲೂ 5.9 ಇಳಿಯಿತು! ಬಿಸಿ ಆವಿ ಬಿಟ್ಟು ಪ್ರಾಸ್ಟೇಟ್ ಕರಗಿಸುವ ರೆಜೂಮ್ ಅನ್ನುವ ವಿಧಾನದ ಪರೀಕ್ಷೆಯಲ್ಲೂ ಹಾಗೇ. 197 ಜನ. ನಿಜವಾದದ್ದರಲ್ಲಿ 11.2, ನಾಟಕದ ಚಿಕಿತ್ಸೆಯಲ್ಲಿ 4.3. ನಾನು ಮೇಲೆ ಹೇಳಿದ್ದೆನಲ್ಲ, ಮೂರು ಅಂಕ ಇಳಿದರೆ ರೋಗಿಗೆ ವಾಸಿ ಅನ್ನಿಸುತ್ತದೆ ಅಂತ. ಅಂದರೆ ಏನೂ ಮಾಡದವರೂ ‘ನನಗೆ ವಾಸಿಯಾಯಿತು’ ಅಂತ ಊರಲ್ಲಿ ಹೇಳಿಕೊಂಡು ಓಡಾಡಬಹುದು. ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ನಿಜವಾಗಿಯೂ ಹಾಗೆ ಅನ್ನಿಸಿದೆ.

ನಿಮ್ಮ ಅಮ್ಮತ್ತಿ ನೆಂಟರದ್ದೂ ಇದೇ ಕಥೆ ಅಂತ ನನ್ನ ಅಂದಾಜು. ಸಾ ಪಾಲ್ಮೆಟೊ ಅಮೆರಿಕದಲ್ಲಿ ಬೆಳೆಯುವ ಒಂದು ಕುಳ್ಳ ತಾಳೆಯ ಹಣ್ಣಿನ ಸಾರ. ನಮ್ಮ ನಾಟಿ ಮದ್ದೂ ಅಲ್ಲ, ಆಯುರ್ವೇದವೂ ಅಲ್ಲ. ಅದನ್ನು ಯಾರೂ ಪರೀಕ್ಷೆ ಮಾಡದೆ ತಳ್ಳಿಹಾಕಿಲ್ಲ. 2006ರಲ್ಲಿ 225 ಗಂಡಸರಿಗೆ ಒಂದು ವರ್ಷ ಕೊಟ್ಟು ನೋಡಿದರು. ಡಮ್ಮಿಗೂ ಅದಕ್ಕೂ ವ್ಯತ್ಯಾಸ ಇರಲಿಲ್ಲ. ‘ಡೋಸ್ ಸಾಲಲಿಲ್ಲ’ ಅಂತ ಕ್ಯಾಪ್ಸೂಲಿನ ಪರ ಇರುವವರು ವಾದ ಮಾಡಿದರು. ಸರಿ, 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 369 ಗಂಡಸರಿಗೆ 72 ವಾರಗಳ ಕಾಲ ಡೋಸ್ ಏರಿಸುತ್ತಾ ಮಾಮೂಲಿನ ಮೂರು ಪಟ್ಟಿನವರೆಗೆ ಕೊಟ್ಟರು. ಕ್ಯಾಪ್ಸೂಲ್ ತಿಂದವರಿಗೆ 2.2 ಅಂಕ ಇಳಿಯಿತು. ಡಮ್ಮಿ ತಿಂದವರಿಗೆ 2.99! ಇಷ್ಟಾದ ಮೇಲೂ ಅದು ಬಾಟಲಿ ಬಾಟಲಿ ಮಾರಾಟ ಆಗುತ್ತಿದೆ. ವಿಷವೇನೂ ಅಲ್ಲ, ನೆಂಟರು ತಿನ್ನುತ್ತಿದ್ದರೆ ತಿನ್ನಲಿ, ಜಗಳ ಆಡಬೇಡಿ. ಮಾವ ಟ್ಯಾಮ್ಸುಲೋಸಿನ್ ಬಿಟ್ಟು ಅದನ್ನು ಹಿಡಿಯದಿದ್ದರೆ ಸಾಕು.

ಕಿಡ್ನಿ ಕಲ್ಲಿನ ವಿಷಯದಲ್ಲೂ ಹೀಗೇ ಆಗುತ್ತದೆ. ಬಾಳೆದಿಂಡಿನ ರಸ ಕುಡಿದೆ, ಕಲ್ಲು ಬಿತ್ತು ಅನ್ನುವವರು ಎಲ್ಲಾ ಊರಲ್ಲೂ ಇದ್ದಾರೆ. ಅಂಥವರನ್ನು ನಂಬದೆ ನಾವು ಡಾಕ್ಟರುಗಳು ಬಹಳ ವರ್ಷ ಇದೇ ಟ್ಯಾಮ್ಸುಲೋಸಿನನ್ನು ಕಲ್ಲು ಬೀಳಲಿ ಅಂತ ಬರೆದು ಕೊಟ್ಟೆವು. ಬ್ರಿಟನ್ನಿನಲ್ಲಿ 1,100ಕ್ಕೂ ಹೆಚ್ಚು ರೋಗಿಗಳ ಮೇಲೆ ದೊಡ್ಡ ಪರೀಕ್ಷೆ ನಡೆದು 2015ರಲ್ಲಿ ಫಲಿತಾಂಶ ಬಂತು. ನಾಲ್ಕು ವಾರದಲ್ಲಿ ಬೇರೆ ಚಿಕಿತ್ಸೆ ಬೇಡವಾದವರು ಟ್ಯಾಮ್ಸುಲೋಸಿನ್ ಗುಂಪಿನಲ್ಲಿ ನೂರಕ್ಕೆ 81. ಡಮ್ಮಿ ಗುಂಪಿನಲ್ಲಿ ನೂರಕ್ಕೆ 80. ಅಂದರೆ 10 ಮಿಲಿಮೀಟರ್ ಒಳಗಿನ, ನಾಳಕ್ಕೆ ಇಳಿದ ಕಲ್ಲು ಹತ್ತರಲ್ಲಿ ಎಂಟು ಜನಕ್ಕೆ ಹೇಗೂ ದೊಡ್ಡ ರಾಮಾಯಣ ಇಲ್ಲದೆ ಮುಗಿಯುತ್ತದೆ. ಬಾಳೆದಿಂಡಿಗೂ ಹೆಸರು, ಡಾಕ್ಟರಿಗೂ ಹೆಸರು. ಸ್ವಲ್ಪ ದೊಡ್ಡ ಕಲ್ಲಿಗೆ ಮಾತ್ರೆ ಸಹಾಯ ಮಾಡುತ್ತದೆ ಅನ್ನುವ ವಾದ ಇನ್ನೂ ಇದೆ, ಈಗಲೂ ಬರೆಯುವವರಿದ್ದಾರೆ. ಡಮ್ಮಿ ಗುಂಪು ಇಲ್ಲದೆ ಹೋಗಿದ್ದರೆ ಈ ವಾದ ಕೂಡ ಹುಟ್ಟುತ್ತಿರಲಿಲ್ಲ, ಅಷ್ಟೇ.

ಹಾಗಂತ ಪ್ರಾಸ್ಟೇಟ್ ಮಾತ್ರೆಗಳೆಲ್ಲ ಬರೀ ನಂಬಿಕೆ ಅಂದುಕೊಳ್ಳಬೇಡಿ. ಪರೀಕ್ಷೆಯಲ್ಲಿ ಗೆದ್ದು ಬಂದವು ಇವೆ. ನಿಮ್ಮ ಮಾವನಿಗೆ ತುಂಬಾ ಸಂಬಂಧಪಟ್ಟ ವಿಷಯ ಇದು.

ಮಾತ್ರೆಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಟ್ಯಾಮ್ಸುಲೋಸಿನ್ ಥರದವು ಬಿಗಿ ಹಿಡಿದ ಸ್ನಾಯುವನ್ನು ಸಡಿಲ ಮಾಡುತ್ತವೆ. ಕೆಲವೇ ದಿನದಲ್ಲಿ ಗುಣ ಕಾಣುತ್ತದೆ. ಆದರೆ ಪ್ರಾಸ್ಟೇಟ್ ಕುಗ್ಗುವುದಿಲ್ಲ. ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ಎರಡನೇ ಜಾತಿ. ಗಂಡು ಹಾರ್ಮೋನು ಪ್ರಾಸ್ಟೇಟಿಗೆ ತಾಗುವುದನ್ನು ತಡೆದು ಗ್ರಂಥಿಯನ್ನೇ ಸುಮಾರು ಕಾಲು ಭಾಗ ಕುಗ್ಗಿಸುತ್ತವೆ. ಅದಕ್ಕೆ ಆರು ತಿಂಗಳಿಂದ ವರ್ಷ ಹಿಡಿಯುತ್ತದೆ.

1996ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 1,229 ಗಂಡಸರ ಮೇಲೆ ಒಂದು ವರ್ಷ ನಡೆದ ಪರೀಕ್ಷೆಯ ಫಲಿತಾಂಶ ಬಂತು. ಮೊದಲ ಜಾತಿಯ ಟೆರಾಜೋಸಿನ್ ಅಂಕವನ್ನು 6.1 ಇಳಿಸಿತು. ಡಮ್ಮಿ 2.6, ಫಿನಾಸ್ಟರೈಡ್ 3.2. ಅಂದರೆ ಫಿನಾಸ್ಟರೈಡ್ ಡಮ್ಮಿಗಿಂತ ಮೇಲಲ್ಲ ಅಂತಾಯಿತು. ‘ಈ ಮಾತ್ರೆ ದಂಡ’ ಅಂತ ಬಹಳ ಡಾಕ್ಟರುಗಳು ಅಲ್ಲಿಗೇ ಬಿಟ್ಟರು. ಎರಡು ವರ್ಷ ಬಿಟ್ಟು, 1998ರಲ್ಲಿ, ದೊಡ್ಡ ಪ್ರಾಸ್ಟೇಟ್ ಇದ್ದ 3,040 ಗಂಡಸರನ್ನು ನಾಲ್ಕು ವರ್ಷ ನೋಡಿಕೊಂಡ ಇನ್ನೊಂದು ಪರೀಕ್ಷೆಯ ಫಲಿತಾಂಶ ಬಂತು. ಪೂರ್ತಿ ಮೂತ್ರ ಕಟ್ಟಿದವರು ಡಮ್ಮಿ ಗುಂಪಿನಲ್ಲಿ ನೂರಕ್ಕೆ 7, ಫಿನಾಸ್ಟರೈಡ್ ಗುಂಪಿನಲ್ಲಿ ನೂರಕ್ಕೆ 3. ಆಪರೇಷನ್ ಬೇಕಾದವರು 10 ಮತ್ತು 5. ಅದೇ ಮಾತ್ರೆ! ಬದಲಾದದ್ದು ಮೂರು: ಯಾರಿಗೆ ಕೊಟ್ಟರು, ಎಷ್ಟು ಕಾಲ ಕೊಟ್ಟರು, ಏನನ್ನು ಅಳೆದರು. ಮೊದಲನೆಯದು ‘ಈಗ ಹೇಗನ್ನಿಸುತ್ತದೆ’ ಅಂತ ಕೇಳಿತು. ಎರಡನೆಯದು ‘ನಾಲ್ಕು ವರ್ಷದಲ್ಲಿ ಏನಾಯಿತು’ ಅಂತಲೂ ಕೇಳಿತು. ಅದಕ್ಕೇ ಯಾವುದೇ ಸಂಶೋಧನೆ ಅಂದ ತಕ್ಷಣ ನಾನು ಮೊದಲು ನೋಡುವುದು ಎಷ್ಟು ದಿನದ್ದು, ಏನನ್ನು ಅಳೆಯುತ್ತಾರೆ ಅನ್ನುವುದನ್ನೇ. 12 ವಾರದ ಪರೀಕ್ಷೆ ಮಾತ್ರೆಯ ಬಗ್ಗೆ ಹೇಳುವುದು ಸ್ವಲ್ಪವೇ.

2003ರಲ್ಲಿ ಬಂದ ದೊಡ್ಡ ಪರೀಕ್ಷೆ ಎರಡೂ ಜಾತಿಯನ್ನು ಒಟ್ಟಿಗೆ ನೋಡಿತು. 3,047 ಗಂಡಸರು, ಸರಾಸರಿ ನಾಲ್ಕೂವರೆ ವರ್ಷ. ನಾಲ್ಕು ವರ್ಷದಲ್ಲಿ ಕಾಯಿಲೆ ಇನ್ನೂ ಜೋರಾದವರು ಡಮ್ಮಿ ಗುಂಪಿನಲ್ಲಿ ನೂರಕ್ಕೆ 17. ಒಂದೊಂದೇ ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ 10. ಎರಡನ್ನೂ ತೆಗೆದುಕೊಂಡವರಲ್ಲಿ 5. ಸಡಿಲ ಮಾಡುವ ಮಾತ್ರೆ ಒಂದೇ ಇದ್ದವರಲ್ಲಿ ಮೂತ್ರ ಕಟ್ಟುವುದು ಮತ್ತು ಆಪರೇಷನ್ ಕೊನೆಗೆ ಕಡಿಮೆ ಆಗಲಿಲ್ಲ, ಸ್ವಲ್ಪ ಮುಂದಕ್ಕೆ ಹೋಯಿತು ಅಷ್ಟೇ. ಅದನ್ನು ತಡೆದದ್ದು ಕುಗ್ಗಿಸುವ ಮಾತ್ರೆ.

ಮಾವನದ್ದು 48 ಗ್ರಾಂ. ಒಂದು ಸಲ ಕಟ್ಟಿದೆ. ಹಾಗಾಗಿ ಸಂಶೋಧನೆಗೆ ಸೇರುವುದು ಬಿಡುವುದು ಆಮೇಲೆ. ‘ಕುಗ್ಗಿಸುವ ಮಾತ್ರೆಯನ್ನೂ ಸೇರಿಸಬೇಕಾ?’ ಅಂತ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ನಿಮ್ಮ ಪತ್ರ ಓದಿದಾಗ ನನಗೆ ಮೊದಲು ತಲೆಗೆ ಬಂದದ್ದೇ ಇದು. ಪರೀಕ್ಷೆಯಲ್ಲಿ ಗೆದ್ದು ಬಂದ ಮಾತ್ರೆ ಅಂಗಡಿಯಲ್ಲಿ ಸಿಗುತ್ತಿರುವಾಗ, ಅದನ್ನು ಕೊಡದೆ ಹೊಸದನ್ನು ಹುಡುಕಿಕೊಂಡು ಹೋಗುವುದು ನನಗೆ ಸರಿ ಕಾಣುವುದಿಲ್ಲ. ಕೆಲವರಿಗೆ ಅದರಿಂದ ಗಂಡಸುತನದ ಆಸೆ ಕಡಿಮೆ ಆಗುತ್ತದೆ, ಎದೆ ಸ್ವಲ್ಪ ಊದುತ್ತದೆ. ಇದನ್ನು ಮಾವನ ಹತ್ತಿರ ಡಾಕ್ಟರೇ ಮಾತಾಡಲಿ. ಸೊಸೆಯ ಎದುರು ಅವರು ಬಾಯಿ ಬಿಡುವುದಿಲ್ಲ.

ಇನ್ನು ನಿಮ್ಮ ವಿಷಯ. ನೀವು ಬಸುರಿ ಅಂದಿರಿ. ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ಹೊಟ್ಟೆಯಲ್ಲಿರುವ ಗಂಡು ಮಗುವಿನ ಜನನಾಂಗದ ಬೆಳವಣಿಗೆಗೆ ತೊಂದರೆ ಮಾಡಬಲ್ಲವು. ಒಡೆದ ಮಾತ್ರೆಯನ್ನು, ಸೋರಿದ ಕ್ಯಾಪ್ಸೂಲನ್ನು ನೀವು ಮುಟ್ಟಬಾರದು. ಡಾಕ್ಟರ್ ಅದನ್ನು ಬರೆದುಕೊಟ್ಟರೆ ಎಣಿಸಿ ಕೊಡುವ ಕೆಲಸ ಹೆರಿಗೆಯವರೆಗೆ ಅತ್ತೆಗೆ ಬಿಡಿ. ಸಂಶೋಧನೆಯ ಹೊಸ ಮಾತ್ರೆ ಯಾವ ಜಾತಿಯದು ಅಂತಲೂ ಕೇಳಿ. ಮನೆಯಲ್ಲಿ ಗರ್ಭಿಣಿ ಇದ್ದಾರೆ ಅಂತ ಹೇಳಿಯೇ ಕೇಳಿ.

ಪಿಎಸ್‌ಎ 2.6 ಅಂದರೆ ಈ ವಯಸ್ಸಿಗೆ, ಈ ಗಾತ್ರಕ್ಕೆ ಗಾಬರಿಯ ಸಂಖ್ಯೆ ಅಲ್ಲ. ಆದರೆ ಕುಗ್ಗಿಸುವ ಮಾತ್ರೆ ಶುರುವಾಗಿ ಆರು ತಿಂಗಳಿಂದ ವರ್ಷದಲ್ಲಿ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆಮೇಲೆ ಬರುವ ಸಂಖ್ಯೆಯನ್ನು ಎರಡರಿಂದ ಗುಣಿಸಿ ನೋಡಬೇಕು. 1.3 ಬಂದರೆ ಮೊದಲಿನಷ್ಟೇ ಇದೆ ಅಂತ ಲೆಕ್ಕ. 2.6 ಬಂದರೆ ಏರಿದೆ ಅಂತ ಲೆಕ್ಕ. ಬೇರೆ ಊರಿನ ಡಾಕ್ಟರಿಗೆ ತೋರಿಸುವಾಗ ಈ ಮಾತ್ರೆ ತಿನ್ನುತ್ತಿದ್ದೇವೆ ಅಂತ ಹೇಳದಿದ್ದರೆ ಅವರು ಮೋಸ ಹೋಗುತ್ತಾರೆ.

ಈಗ ಅತ್ತೆಯ ‘ಇಲಿ’ ಪ್ರಶ್ನೆಗೆ ಬರೋಣ. ಇಲಿಗೆ ಯಾರೂ ಕೇಳುವುದಿಲ್ಲ. ಮನುಷ್ಯರಿಗೆ ಕೇಳಲೇಬೇಕು, ಬರೆದು ಕೊಡಬೇಕು, ಬೇಡ ಅಂದರೆ ಬಿಡಬೇಕು. ನಮ್ಮ ದೇಶದಲ್ಲಿ ಔಷಧಿ ಪರೀಕ್ಷೆ ಮಾಡುವವರು ಮೊದಲು ಸಿಟಿಆರ್‌ಐ ಅನ್ನುವ ಸರ್ಕಾರಿ ದಾಖಲೆಯಲ್ಲಿ ನೋಂದಾಯಿಸಬೇಕು. 2007ರಲ್ಲಿ ಶುರುವಾದದ್ದು, 2009ರ ಜೂನ್ 15ರಿಂದ ಕಡ್ಡಾಯ. ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಮೈಸೂರಿನವರ ಹತ್ತಿರ ಆ ನಂಬರ್ ಕೇಳಿ. ಅದನ್ನು ಹಾಕಿ ಹುಡುಕಿದರೆ ಯಾರು ದುಡ್ಡು ಹಾಕಿದ್ದಾರೆ, ಯಾವ ನೈತಿಕ ಸಮಿತಿ ಒಪ್ಪಿದೆ, ಯಾರನ್ನು ಸೇರಿಸುವುದಿಲ್ಲ ಅನ್ನುವುದೆಲ್ಲ ಅಲ್ಲೇ ಇರುತ್ತದೆ. ನಂಬರ್ ಕೊಡಲು ತಡವರಿಸಿದರೆ ಅಲ್ಲಿಂದ ಎದ್ದು ಬನ್ನಿ. ನಾನು ಹೆಚ್ಚು ಯೋಚನೆ ಮಾಡದೆ ಹೇಳುವ ಮಾತು ಇದು.

2019ರಲ್ಲಿ ಬಂದ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಪರೀಕ್ಷೆಯಿಂದ ರೋಗಿಗೆ ಹಾನಿಯಾದರೆ ಚಿಕಿತ್ಸೆ ಉಚಿತ, ಪರಿಹಾರವೂ ಕೊಡಬೇಕು. ಮಾಹಿತಿಯ ಕಾಗದ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಅದನ್ನು ಅಲ್ಲೇ ಕೂತು ಸಹಿ ಹಾಕಬೇಡಿ. ಮನೆಗೆ ತನ್ನಿ. ಅತ್ತೆ, ಮಾವ, ನೀವು ಒಟ್ಟಿಗೆ ಕೂತು ಓದಿ. ಒಳ್ಳೆಯ ತಂಡ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಅರ್ಧಕ್ಕೆ ಬಿಟ್ಟು ಬರುವ ಹಕ್ಕು ಯಾವತ್ತೂ ಇದೆ. ಬಿಟ್ಟು ಬಂದರೆ ಆ ಆಸ್ಪತ್ರೆಯಲ್ಲಿ ಮಾಮೂಲಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ.

ಕಾಗದದಲ್ಲಿ ಹುಡುಕಬೇಕಾದ ಇನ್ನೊಂದು ವಿಷಯ ಶುರುವಿನ ದಿನಗಳದ್ದು. ಎಷ್ಟೋ ಪರೀಕ್ಷೆಗಳಲ್ಲಿ ಮೊದಲ ಕೆಲವು ವಾರ ಹಳೆಯ ಮಾತ್ರೆ ನಿಲ್ಲಿಸಿ, ಅದರ ಪರಿಣಾಮ ದೇಹದಿಂದ ಹೋಗಲಿ ಅಂತ ಕಾಯುತ್ತಾರೆ. ಲೆಕ್ಕಕ್ಕೆ ಅದು ಒಳ್ಳೆಯದು. ಒಮ್ಮೆ ಕಟ್ಟಿದ ಮಾವನಂಥವರಿಗೆ ಅದು ಗಂಡಾಂತರದ ಸಮಯ. ಅದೂ ಜುಲೈನಲ್ಲಿ, ಗಾಳಿಮಳೆಗೆ ಮರ ಬಿದ್ದು ರಸ್ತೆ ಬಂದಾಗಿರುವ ರಾತ್ರಿ ಅಂದುಕೊಳ್ಳಿ. ಓಡಾಟದ ಲೆಕ್ಕವನ್ನೂ ಈಗಲೇ ಹಾಕಿ. ಎಷ್ಟು ಸಲ ಬರಬೇಕು, ಬಸ್ಸು ಅಥವಾ ಕಾರಿನ ಖರ್ಚು ಕೊಡುತ್ತಾರಾ, ಕಾಫಿ ಕೊಯ್ಲಿನ ಸಮಯದಲ್ಲಿ ತಾರೀಕು ಬಿದ್ದರೆ ಹಿಂದೆ ಮುಂದೆ ಮಾಡಬಹುದಾ? ಸೇರಿ ಅರ್ಧಕ್ಕೆ ತಪ್ಪಿಸಿಕೊಳ್ಳುವವರು ಜಾಸ್ತಿಯಾದರೆ ಪರೀಕ್ಷೆಯ ಫಲಿತಾಂಶವೇ ಕೆಡುತ್ತದೆ. ಆಗ ಯಾರಿಗೂ ಉಪಯೋಗ ಇಲ್ಲ.

ಡಮ್ಮಿ ಬಂದವರ ಗತಿ ಏನು ಅಂತ ಅತ್ತೆ ಕೇಳಿಯೇ ಕೇಳುತ್ತಾರೆ. ಮೇಲಿನ ಲೆಕ್ಕವನ್ನೇ ತಿರುಗಿಸಿ ನೋಡಿ. ನಾಲ್ಕು ವರ್ಷ ಬರೀ ಡಮ್ಮಿ ತಿಂದವರಲ್ಲೂ ನೂರಕ್ಕೆ 83 ಜನರ ಕಾಯಿಲೆ ಜೋರಾಗಲಿಲ್ಲ. 1995ರ ಇನ್ನೊಂದು ಅಧ್ಯಯನದಲ್ಲಿ ಮಧ್ಯಮ ತೊಂದರೆ ಇದ್ದ 556 ಗಂಡಸರಲ್ಲಿ ಅರ್ಧ ಜನಕ್ಕೆ ಆಪರೇಷನ್ ಮಾಡಿದರು, ಅರ್ಧ ಜನರನ್ನು ಕಾದು ನೋಡಿದರು. ಕಾದವರಲ್ಲಿ ಮೂರು ವರ್ಷದೊಳಗೆ ಆಪರೇಷನ್ ಆದವರು ನೂರಕ್ಕೆ 24 ಮಾತ್ರ. ಆಪರೇಷನ್ ಆದವರಿಗೆ ಗುಣ ಹೆಚ್ಚು ಸಿಕ್ಕಿತು ಅನ್ನುವುದೂ ನಿಜ. ಇದು ನಿಧಾನದ ಕಾಯಿಲೆ. ಕಟ್ಟಿದ ಚರಿತ್ರೆ ಇಲ್ಲದ, ಮಧ್ಯಮ ತೊಂದರೆಯ ಗಂಡಸು ಕೆಲವು ತಿಂಗಳು ಡಮ್ಮಿ ತಿಂದರೆ ದೊಡ್ಡ ಅನಾಹುತ ಏನೂ ಆಗುವುದಿಲ್ಲ. ಅದಕ್ಕೇ ನೈತಿಕ ಸಮಿತಿಗಳು ಒಪ್ಪುವುದು. ಪರೀಕ್ಷೆಯಲ್ಲಿ ಇರುವವರನ್ನು ಮಾಮೂಲಿ ರೋಗಿಗಳಿಗಿಂತ ಹೆಚ್ಚು ಸಲ ಕರೆದು ನೋಡುತ್ತಾರೆ. ಅದು ಒಂದು ಲಾಭ.

ರಾತ್ರಿ ನಾಲ್ಕೈದು ಸಲ ಏಳುವುದಕ್ಕೆ ಪೂರ್ತಿ ತಪ್ಪು ಪ್ರಾಸ್ಟೇಟಿನದ್ದೇ ಅಂದುಕೊಳ್ಳಬೇಡಿ. ಏಳು ಪ್ರಶ್ನೆಗಳಲ್ಲಿ ಮಾತ್ರೆಗೆ ಸುಲಭಕ್ಕೆ ಬಗ್ಗದ ಪ್ರಶ್ನೆ ಇದು. ಸಕ್ಕರೆ ಕಾಯಿಲೆ, ಕಾಲು ಊತ, ಗೊರಕೆಯ ನಿದ್ದೆ, ರಾತ್ರಿ ಎಂಟರ ಮೇಲೆ ಕುಡಿಯುವ ಕಾಫಿ, ಎಲ್ಲಾ ಸೇರಿರುತ್ತದೆ. ಮೂರು ದಿನ ಒಂದು ಅಳತೆ ಲೋಟ ಇಟ್ಟು ಎಷ್ಟು ಗಂಟೆಗೆ ಎಷ್ಟು ಮಿಲಿ ಅಂತ ಬರೆದಿಡಿ. ರಾತ್ರಿಯ ಪಾಲು ದಿನದ ಒಟ್ಟು ಮೂತ್ರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇದ್ದರೆ ಪ್ರಾಸ್ಟೇಟ್ ಬಿಟ್ಟು ಬೇರೆ ಕಡೆ ಹುಡುಕಬೇಕು. ಮೈಸೂರಿಗೆ ಹೋಗುವಾಗ ಆ ಹಾಳೆ ತೆಗೆದುಕೊಂಡು ಹೋಗಿ.

ಟ್ಯಾಮ್ಸುಲೋಸಿನ್ ತಿನ್ನುವವರು ಹಾಸಿಗೆಯಿಂದ ದಡಕ್ಕನೆ ಏಳಬಾರದು, ತಲೆ ತಿರುಗಬಹುದು. ಕಣ್ಣಿನ ಪೊರೆ ಆಪರೇಷನ್ ಮಾಡಿಸುವ ಮುಂಚೆ ಕಣ್ಣಿನ ಡಾಕ್ಟರಿಗೆ ಈ ಮಾತ್ರೆಯ ಹೆಸರು ಹೇಳಲೇಬೇಕು. ಆಪರೇಷನ್ ಹೊತ್ತಿನಲ್ಲಿ ಕಣ್ಣಿನ ಪಾಪೆ ಸಡಿಲವಾಗಿ ತೊಂದರೆ ಕೊಡುತ್ತದೆ. ಮೊದಲೇ ಗೊತ್ತಿದ್ದರೆ ಅವರು ತಯಾರಿ ಮಾಡಿಕೊಳ್ಳುತ್ತಾರೆ.

ಇನ್ನೊಂದು ನಮ್ಮ ಕೊಡಗಿನ ವಿಷಯ. ಕಕ್ಕಡ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ಉಂಡ ಮೇಲೆ ಮೂತ್ರ ಕೆಂಪಾಗುತ್ತದೆ, ಎಲ್ಲರಿಗೂ ಗೊತ್ತು. ಆಗಸ್ಟ್ ಮೊದಲ ವಾರದಲ್ಲಿ ಮಾವನಿಗೆ ಹಾಗಾದರೆ ಗಾಬರಿ ಬೇಡ. ಅಷ್ಟೇ ಮುಖ್ಯ, ಸಂಶೋಧನೆಯ ಮೂತ್ರ ಪರೀಕ್ಷೆ ಆ ದಿನಗಳಲ್ಲಿ ಬಿದ್ದರೆ ಮುಂಚೆಯೇ ತಿಳಿಸಿ. ಆದರೆ ಎರಡು ದಿನ ಕಳೆದರೂ ಬಣ್ಣ ಹೋಗದಿದ್ದರೆ, ಅಥವಾ ವರ್ಷದ ಬೇರೆ ಯಾವಾಗಲಾದರೂ ನೋವಿಲ್ಲದೆ ಕೆಂಪು ಬಂದರೆ, ಸೊಪ್ಪಿನ ಮೇಲೆ ಹಾಕಿ ಸುಮ್ಮನಿರಬೇಡಿ. ಅದು ಮೂತ್ರಚೀಲದ ಕ್ಯಾನ್ಸರಿನ ಮೊದಲ ಸುಳಿವೂ ಆಗಿರಬಹುದು. ಬೀಡಿ, ಸಿಗರೇಟು ಸೇದುವವರಲ್ಲಿ ಇದು ಜಾಸ್ತಿ.

ಶೀತದ ಮಾತ್ರೆಯ ಪಾಠ ನೀವು ಆಗಲೇ ಕಲಿತಿದ್ದೀರಿ. ಮೂಗು ಕಟ್ಟಿದ್ದನ್ನು ಬಿಡಿಸುವ ಔಷಧಿ ಮೂತ್ರದ ದಾರಿಯನ್ನು ಬಿಗಿ ಮಾಡುತ್ತದೆ. ಅಲರ್ಜಿಗೆ ಕೊಡುವ, ನಿದ್ದೆ ಬರಿಸುವ ಹಳೆಯ ಮಾತ್ರೆಗಳು ಮೂತ್ರಚೀಲವನ್ನು ಮಂಕು ಮಾಡುತ್ತವೆ. ಅಂಗಡಿಯ ಶೀತದ ಮಾತ್ರೆಯಲ್ಲಿ ಎರಡೂ ಸೇರಿರುತ್ತವೆ. ಜ್ವರಕ್ಕೆ ಬರೀ ಪ್ಯಾರಾಸಿಟಮಾಲ್ ಸಾಕು. ಮೂಗಿಗೆ ಬಿಸಿನೀರಿನ ಹಬೆ.

ಮತ್ತೆ ಕಟ್ಟಿದರೆ ಮೈಸೂರಿಗೆ ಓಡಬೇಡಿ. ಹೊಟ್ಟೆಯ ಕೆಳಭಾಗ ಗಟ್ಟಿಯಾಗಿ ಊದಿ, ನೋವಿದ್ದು, ಹನಿ ಮಾತ್ರ ಬರುತ್ತಿದ್ದರೆ ‘ನೀರು ಕುಡಿದರೆ ಹೋಗುತ್ತದೆ’ ಅಂತ ಕುಡಿಸಬೇಡಿ, ಒಳಗೆ ಇನ್ನೂ ತುಂಬುತ್ತದೆ. ಟ್ಯೂಬ್ ಹಾಕುವುದನ್ನು ಹತ್ತಿರದ ತಾಲೂಕು ಆಸ್ಪತ್ರೆಯಲ್ಲೇ ಮಾಡುತ್ತಾರೆ. ಟ್ಯೂಬ್ ತೆಗೆಯುವ ಮುಂಚೆ ಸಾಮಾನ್ಯವಾಗಿ ಟ್ಯಾಮ್ಸುಲೋಸಿನ್ ಥರದ ಮಾತ್ರೆ ಕೊಡುತ್ತಾರೆ. ಅದೇ ಜಾತಿಯ ಆಲ್ಫುಜೋಸಿನ್ ಕೊಟ್ಟು ಟ್ಯೂಬ್ ತೆಗೆದಾಗ ನೂರಕ್ಕೆ 62 ಜನಕ್ಕೆ ತಾನಾಗಿ ಮೂತ್ರ ಹೋಯಿತು. ಡಮ್ಮಿ ಕೊಟ್ಟವರಲ್ಲಿ 48. ಮಾವ ಅಷ್ಟೊತ್ತಿಗೆ ಸಂಶೋಧನೆಯಲ್ಲಿ ಇದ್ದರೆ, ಒಪ್ಪಿಗೆ ಕಾಗದದಲ್ಲಿ ಇರುವ ನಂಬರಿಗೆ ಅದೇ ದಿನ ಫೋನ್ ಮಾಡಿ. ಅವರು ತಿನ್ನುತ್ತಿದ್ದದ್ದು ಯಾವ ಮಾತ್ರೆ ಅಂತ ಅವಸರದಲ್ಲಿ ಬಿಚ್ಚಿ ಹೇಳುವ ವ್ಯವಸ್ಥೆ ಅವರ ಹತ್ತಿರ ಇರಲೇಬೇಕು. ಇದೆಯಾ ಅಂತ ಸಹಿ ಹಾಕುವ ಮುಂಚೆಯೇ ಕೇಳಿಕೊಳ್ಳಿ.